ಹಳಿ ಇಲ್ಲದ ರೈಲು

ಹುಣಸೂರಿನಿಂದ ಸೋದರಮಾವ ಫೋನ್ ಮಾಡಿದಾಗ ನಾನು ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲವೂ ಮಾಡಿದರು ಅಂದರೆ ಊರಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ ಅಂತಲೇ ಲೆಕ್ಕ. ಹೆದರಿಕೊಂಡು ಹೊರಗೆ ಬಂದು ಎತ್ತಿದರೆ, "ಅಳಿಯ, ನಮ್ಮೂರ್ಗೆ ರೈಲು ಬರ್ತದಂತೆ ಕಣಪ್ಪ" ಅಂದರು.

ಇದು ಹೊಸ ಸುದ್ದಿ ಅಲ್ಲ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಕಡೆಗೆ ರೈಲು ಬರ್ತಾನೇ ಇದೆ. ಹೊಸದು ಏನಪ್ಪಾ ಅಂದ್ರೆ ಮಾವನ ಮುಂದಿನ ಮಾತು. "ರೈಲು ಬರೋ ಹೊತ್ಗೆ ಅಂಗ್ಡಿ ತುಂಬ ಆಟದ ರೈಲು ತುಂಬ್ಸ್‌ಬುಡಣ ಅಂತ. ಒಂದೆರಡು ಲಕ್ಷ ಇದ್ರೆ ನೋಡು."

ಮಾವನಿಗೆ ಹುಣಸೂರಿನಲ್ಲಿ ಒಂದು ಚಿಕ್ಕ ಅಂಗಡಿ ಇದೆ. ಅರ್ಧ ಫ್ಯಾನ್ಸಿ ಸ್ಟೋರು, ಅರ್ಧ ಆಟದ ಸಾಮಾನು. ಸಂಕ್ರಾಂತಿ ಸುತ್ತಮುತ್ತ ಚುಂಚನಕಟ್ಟೆ ಪರಿಸೆ, ಆಮೇಲೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಜಾತ್ರೆ, ಹೀಗೆ ಊರೂರಿಗೆ ಟಾರ್ಪಾಲು ಕಟ್ಟಿಕೊಂಡು ಹೋಗಿ ಹಾಸಿ ಮಾರೋದೂ ಉಂಟು. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಈಗ ಮೊಮ್ಮಗ ಮೊಬೈಲಿನಲ್ಲಿ ಯಾವುದೋ ಜರ್ಮನಿಯ ರೈಲು ಸೆಟ್ಟಿನ ವಿಡಿಯೋ ತೋರಿಸಿದ್ದಾನೆ. ಬೆಟ್ಟ, ಸುರಂಗ, ಸೇತುವೆ, ಸಿಗ್ನಲ್ಲು, ಅದರೊಳಗೆ ಬೆರಳುದ್ದದ ರೈಲು. ಮಾವನಿಗೆ ತಲೆ ತಿರುಗಿದೆ. ಅರವತ್ತು ದಾಟಿದ ಮೇಲೆ ತಲೆ ತಿರುಗಿದರೆ ಸುಮ್ಮನೆ ಬಿಡೋ ಹಾಗಿಲ್ಲ.

ಒಂದು ವಾರ ಟೈಮ್ ಕೊಡಿ ಮಾವ ಅಂದೆ. ಯಾವುದಕ್ಕೂ ಇಲ್ಲ ಅನ್ನೋ ಮುಂಚೆ ಒಂದು ಡಾಕ್ಯುಮೆಂಟ್ ಮಾಡೋದು ನಮ್ಮ ಕಸುಬಿನ ಚಟ. ಆಟದ ರೈಲು ಮಾರೋ ಅಂಗಡಿಗಳು ಲೋಕದಲ್ಲಿ ಯಾವುದರಿಂದ ಬದುಕಿವೆ, ಯಾವುದರಿಂದ ಸತ್ತಿವೆ ಅಂತ ನೋಡೋಣ ಅಂತ ಕೂತೆ. ವಾರ ಅಂದಿದ್ದು ಎರಡು ತಿಂಗಳಾಯ್ತು.

ಮೊದಲು ನಮ್ಮ ಸೀಮೆಯ ಕತೆ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಜಿಲ್ಲೆಯ ಪಶ್ಚಿಮಕ್ಕಿರೋ ನಾಲ್ಕು ತಾಲ್ಲೂಕಿನಲ್ಲಿ ಹಳಿ ಇರೋದು ಕೆ.ಆರ್. ನಗರದಲ್ಲಿ ಮಾತ್ರ. ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ ಶುರುವಾದ ಮೈಸೂರು–ಅರಸೀಕೆರೆ ಮಾರ್ಗ ಅದು. ಸಾಗರಕಟ್ಟೆ ಹತ್ತಿರ ಕಾವೇರಿ ದಾಟಿ, ಕೆ.ಆರ್. ನಗರ, ಅಕ್ಕಿಹೆಬ್ಬಾಳು ಅಂತ ಹಾಸನದ ಕಡೆ ಹೋಗುತ್ತೆ. ಉಳಿದ ಮೂರು ತಾಲ್ಲೂಕಿನವರಿಗೆ ರೈಲು ಅಂದ್ರೆ ನೆಂಟರ ಊರಲ್ಲಿರೋ ವಸ್ತು. ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಊರಿನವನು. ಆರು ವರ್ಷದವನಿದ್ದಾಗ ಕೆ.ಆರ್. ನಗರದ ಅತ್ತೆ ಮನೆಗೆ ಹೋದಾಗ ಸ್ಟೇಷನ್ನಿಗೆ ಕರಕೊಂಡು ಹೋಗಿ ರೈಲು ತೋರಿಸಿದ್ದರು. ಹತ್ತಿಸಲಿಲ್ಲ. ತೋರಿಸಿದರು ಅಷ್ಟೇ, ಜೂನಲ್ಲಿ ಆನೆ ತೋರಿಸಿದ ಹಾಗೆ. ಅದು ಮೀಟರ್ ಗೇಜೋ ಬ್ರಾಡ್ ಗೇಜೋ ನೋಡಿಕೊಳ್ಳುವ ಬುದ್ಧಿ ಆಗ ಇರಲಿಲ್ಲ. ನೆನಪಿರೋದು ಶಬ್ದ, ಮತ್ತೆ ಅತ್ತೆ ನನ್ನ ಕೈಯನ್ನ ಬಿಗಿಯಾಗಿ ಹಿಡಿದುಕೊಂಡಿದ್ದು.

ಆ ವರ್ಷವೇ ಮಾವ ಚುಂಚನಕಟ್ಟೆ ಪರಿಸೆಯಿಂದ ನನಗೊಂದು ಮರದ ರೈಲು ತಂದುಕೊಟ್ಟರು. ಕೆಂಪು ಇಂಜಿನ್ನು, ಹಳದಿ ಹಸಿರು ಡಬ್ಬಿ, ಮುಂದೆ ಒಂದು ದಾರ. ಚನ್ನಪಟ್ಟಣದ್ದು. ಅಂಗಳದಲ್ಲಿ, ಹೊಗೆಸೊಪ್ಪಿನ ಬ್ಯಾರನ್ ಜಗಲಿಯಲ್ಲಿ, ಎಮ್ಮೆ ಕಾಲ ಸಂದಿಯಲ್ಲಿ ಎಲ್ಲಾ ಕಡೆ ಹೋಗ್ತಿತ್ತು. ಹಳಿ ಬೇಕಿರಲಿಲ್ಲ.

ಮಾವನ ಪ್ರಶ್ನೆಗೆ ಉತ್ತರ ಹುಡುಕೋಕೆ ಚನ್ನಪಟ್ಟಣದಿಂದಲೇ ಶುರು ಮಾಡಿದೆ. ನಮ್ಮ ರಾಜ್ಯದಲ್ಲಿ ಆಟದ ರೈಲು ಮಾಡಿ ಮಾರಿ ತಲೆಮಾರುಗಟ್ಟಲೆ ಹೊಟ್ಟೆ ಹೊರೆದ ಊರು ಅಂದ್ರೆ ಅದೇ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನ ಕರೆಸಿದ ಅನ್ನೋ ಕತೆಯಿಂದ ಆ ಊರಿನ ಇತಿಹಾಸ ಹೇಳೋರು ಬಹಳ ಜನ. ಬಾವಾಸ್ ಮಿಯಾನ್ ಅನ್ನೋರು ಜಪಾನಿನ ಗೊಂಬೆ ಮಾಡೋ ತಂತ್ರವನ್ನ ಇಲ್ಲಿಗೆ ಹೊಂದಿಸಿದರು ಅಂತ ಊರವರು ಇವತ್ತಿಗೂ ನೆನೆಯುತ್ತಾರೆ. ನನಗೆ ರಾಜರ ಕತೆಗಿಂತ ಲೇತಿನ ಕತೆ ಹೆಚ್ಚು ಉಪಯೋಗಕ್ಕೆ ಬಂತು.

ಚನ್ನಪಟ್ಟಣದ ಕೆಲಸ ನೋಡಿದ್ದೀರಾ? ಹಾಲೆ ಮರದ ತುಂಡನ್ನ ಲೇತಿಗೆ ಸಿಕ್ಕಿಸಿ ತಿರುಗಿಸ್ತಾರೆ. ಉಳಿ ಹಿಡಿದರೆ ಬೆಣ್ಣೆ ಹೆರೆದ ಹಾಗೆ ಸಿಪ್ಪೆ ಏಳುತ್ತೆ. ಬೆಳ್ಳಗಿನ, ನುಣುಪಾದ, ಗಂಟು ಕಡಿಮೆ ಇರೋ ಮರ ಅದು. ಆಕಾರ ಬಂದ ಮೇಲೆ, ತಿರುಗುತ್ತಿರುವ ಮರಕ್ಕೇ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಕಡೆಗೆ ತಾಳೆಗರಿಯನ್ನ ಮಡಿಸಿ ಒತ್ತಿದರೆ ಕನ್ನಡಿ ಹೊಳಪು. ಬ್ರಷ್ ಇಲ್ಲ, ಒಣಗಿಸೋ ಕೆಲಸ ಇಲ್ಲ. ಎರಡು ನಿಮಿಷದಲ್ಲಿ ಒಂದು ಬುಗುರಿ ಕೈಗೆ ಬರುತ್ತೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಲೇತು ದುಂಡಗಿನ ವಸ್ತುಗಳನ್ನ ಮಾತ್ರ ಸಲೀಸಾಗಿ ಕೊಡುತ್ತೆ. ಹೊಗೆ ಇಂಜಿನ್ನಿನ ಬಾಯ್ಲರು ದುಂಡು. ಚಿಮಣಿ ದುಂಡು, ಚಕ್ರ ದುಂಡು, ಡ್ರೈವರನ ತಲೆಯೂ ದುಂಡು. ಹೊಗೆ ಇಂಜಿನ್ನು ಲೇತಿಗಾಗಿಯೇ ಹುಟ್ಟಿದ ಆಟಿಕೆ. ನಿಜವಾದ ಹಳಿ ಮೇಲಿಂದ ಹೊಗೆ ಇಂಜಿನ್ನು ಹೋಗಿ ಎಷ್ಟೋ ಕಾಲ ಆಗಿದ್ದರೂ ಚನ್ನಪಟ್ಟಣದಲ್ಲಿ ಇವತ್ತಿಗೂ ಅದೇ ಓಡ್ತಿರೋದು ಇದಕ್ಕೇ ಅಂತ ನನ್ನ ಅನಿಸಿಕೆ. ವಂದೇ ಭಾರತ್ ಮಾಡಿ ಅಂದ್ರೆ ಲೇತಿಗೆ ಕಷ್ಟ, ಅದಕ್ಕೆ ಬೇರೆ ಮೆಷಿನ್ನು ಬೇಕು. ಮೆಷಿನ್ನು ಏನು ಕೊಡಬಲ್ಲದೋ ಅದರ ಮೇಲೆ ಸಾಮಾನು ನಿರ್ಧಾರ ಆಗುತ್ತೆ. ನಾವು ಸಾಫ್ಟ್‌ವೇರಿನವರು ಗ್ರಾಹಕರಿಗೆ ಹೇಳೋದಿಲ್ಲ, ಆದರೆ ನಮ್ಮಲ್ಲೂ ನಡೆಯೋದು ಹೀಗೇ.

ಆ ಲೇತಿನ ಇನ್ನೊಂದು ಉಪಕಾರ ಅಂದ್ರೆ ಅದು ಒಂದೇ ಸಾಮಾನಿಗೆ ಅಂಟಿಕೊಂಡಿಲ್ಲ. ರೈಲು ಮಾಡೋ ಕೈಯೇ ಗಿಲಕಿ, ಅಡುಗೆ ಸೆಟ್ಟು, ಕುಂಕುಮದ ಭರಣಿ, ಮಣಿ ಸರ, ಬಳೆ, ಪರದೆಗೆ ಹಾಕೋ ಬಳೆ ಎಲ್ಲಾ ಮಾಡುತ್ತೆ. ರೈಲು ಹೋಗದ ವರ್ಷ ಮಣಿ ಹೋಗುತ್ತೆ. ಚನ್ನಪಟ್ಟಣದಲ್ಲಿ 'ರೈಲಿನ ಅಂಗಡಿ' ಅಂತ ಪ್ರತ್ಯೇಕ ಇಲ್ಲ, ರೈಲೂ ಇರೋ ಅಂಗಡಿ ಇದೆ. ಇದನ್ನ ಮಾವನಿಗೆ ಹೇಳಲೇಬೇಕು ಅಂತ ಮೊದಲನೇ ಸಾಲಾಗಿ ಬರೆದುಕೊಂಡೆ.

ಆದರೂ ಅಗ್ಗದ ಪ್ಲಾಸ್ಟಿಕ್ ಬಂದಾಗ ಆ ಊರು ಏಟು ತಿಂದಿತು. ಬ್ಯಾಟರಿ ಹಾಕಿದರೆ ದೀಪ ಹೊತ್ತಿಸಿಕೊಂಡು ಕೂಗುತ್ತಾ ಸುತ್ತೋ ಚೀನಾ ರೈಲಿನ ಎದುರು, ದಾರ ಕಟ್ಟಿ ಎಳೆಯೋ ಮರದ ರೈಲು ಯಾವ ಹುಡುಗನಿಗೆ ಬೇಕು? ಎಷ್ಟೋ ಮನೆಯ ಮಕ್ಕಳು ಲೇತು ಬಿಟ್ಟು ಬೆಂಗಳೂರು, ಬಿಡದಿಯ ಕೆಲಸ ಹಿಡಿದರು. ಸರ್ಕಾರದ ಕರಕುಶಲ ನಿಗಮದ ಕಾವೇರಿ ಎಂಪೋರಿಯಂ, ಡಚ್ ಸರ್ಕಾರದ ನೆರವಿನಿಂದ ಕಟ್ಟಿಸಿದ ಅರಗಿನ ಕೆಲಸದ ಸಂಕೀರ್ಣ, 2005–06ರ ಹೊತ್ತಿಗೆ ಸಿಕ್ಕ ಭೌಗೋಳಿಕ ಗುರುತಿನ ಪಟ್ಟ, ಇವೆಲ್ಲಾ ಊರನ್ನ ನಿಲ್ಲಿಸಿಕೊಳ್ಳೋಕೆ ಆಸರೆ ಆದವು. ಆದರೆ ಒಂದು ದೊಡ್ಡ ತಳ್ಳು ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ.

2007ರ ಜೂನ್‌ನಲ್ಲಿ ಅಮೆರಿಕದ ಆರ್‌ಸಿ2 ಅನ್ನೋ ಕಂಪನಿ, ಥಾಮಸ್ ಅನ್ನೋ ಇಂಜಿನ್ನಿನ ಹೆಸರಲ್ಲಿ ಮಾರಿದ್ದ ಮರದ ರೈಲು ಆಟಿಕೆಗಳನ್ನ, ಸುಮಾರು 15 ಲಕ್ಷದಷ್ಟು, ವಾಪಸ್ ಕರೆಸಿಕೊಂಡಿತು. ಚೀನಾದಲ್ಲಿ ತಯಾರಾಗಿದ್ದ ಅವುಗಳ ಬಣ್ಣದಲ್ಲಿ ಸೀಸ ಇತ್ತು. ಎರಡೇ ತಿಂಗಳಿಗೆ ಮ್ಯಾಟೆಲ್‌ನಂಥ ದೈತ್ಯನೂ ಅದೇ ಸೀಸದ ಕಾರಣಕ್ಕೆ ಆಟಿಕೆ ವಾಪಸ್ ತರಿಸಿಕೊಳ್ಳಬೇಕಾಯ್ತು. ಮಗು ಬಾಯಿಗಿಟ್ಟುಕೊಳ್ಳೋ ವಸ್ತುವಿನ ಬಣ್ಣ ಏನರದ್ದು ಅಂತ ತಾಯಂದಿರು ಕೇಳೋಕೆ ಶುರು ಮಾಡಿದರು. ಅರಗು, ಅರಿಶಿನದ ಹಳದಿ, ನೀಲಿ ಗಿಡದ ನೀಲಿ ಅಂತ ಧೈರ್ಯವಾಗಿ ಹೇಳಬಲ್ಲ ಕೆಲವರು ಚನ್ನಪಟ್ಟಣದಲ್ಲಿ ಇದ್ದರು. ಸಸ್ಯದ ಬಣ್ಣದ ಮರದ ಆಟಿಕೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಹೊರದೇಶದಲ್ಲೂ ಮರ್ಯಾದೆ ಬಂತು. ನಮ್ಮ ಆಫೀಸಿನ ಸಹೋದ್ಯೋಗಿಗಳು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮರದ ಗಿಲಕಿ ಕೊಡೋದನ್ನ ನೀವೂ ನೋಡಿರ್ತೀರಿ. ಪರಿಸೆಯಲ್ಲಿ ರೈತನ ಮಗ ಬೇಡ ಅಂದಿದ್ದನ್ನ ಇಂಜಿನಿಯರ್ ಮಗಳಿಗೆ ಹುಡುಕಿ ತರುವ ಕಾಲ.

ಆಮೇಲೆ 2020ರ ಬಜೆಟ್ಟಿನಲ್ಲಿ ಆಟಿಕೆ ಆಮದಿನ ಸುಂಕವನ್ನ 20ರಿಂದ 60 ಪರ್ಸೆಂಟಿಗೆ ಏರಿಸಿದರು, 2023ರಲ್ಲಿ 70 ಆಯ್ತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಗುರುತಿನ ಸಾಮಾನಿಗೆ ಅದರಿಂದ ವಿನಾಯಿತಿ. ಚನ್ನಪಟ್ಟಣಕ್ಕೆ ಇದು ಒಳ್ಳೇದಾಯ್ತು. ಮಾವನಂಥ ಚಿಲ್ಲರೆ ಅಂಗಡಿಯವರಿಗೆ ಮಾತ್ರ ಎರಡು ಅಲಗು. ನೂರೈವತ್ತು ರೂಪಾಯಿಗೆ ತಂದು ಇನ್ನೂರಕ್ಕೆ ಮಾರ್ತಿದ್ದ ಬ್ಯಾಟರಿ ರೈಲು ತುಟ್ಟಿ ಆಯ್ತು. ಆ ಜರ್ಮನಿ ಸೆಟ್ಟಂತೂ ಬಂದರಿನಲ್ಲೇ ಮುಕ್ಕಾಲುಪಾಲು ಇನ್ನೊಂದು ಬೆಲೆ ಸೇರಿಸಿಕೊಂಡು ಇಳಿಯುತ್ತೆ.

ಹೇಗಿದ್ದರೂ ಆ ಜರ್ಮನಿಯವರ ಕತೆ ಓದದೆ ಇರೋಕಾಗಲಿಲ್ಲ. ಮಾರ್ಕ್ಲಿನ್ ಅಂತ ಕಂಪನಿ. 1859ರಲ್ಲಿ ಗೋಪಿಂಗನ್ ಅನ್ನೋ ಊರಲ್ಲಿ ಒಬ್ಬ ತಗಡಿನ ಕೆಲಸದವನು ಶುರು ಮಾಡಿದ್ದು. ಮೊದಲು ಮಾಡ್ತಿದ್ದುದು ರೈಲಲ್ಲ, ಗೊಂಬೆ ಮನೆಗೆ ಬೇಕಾದ ಅಡುಗೆ ಸಾಮಾನು. ಅಂದರೆ ನಮ್ಮ ಅಡುಗೆ ಸೆಟ್ಟೇ! ಅವನು ಬೇಗ ತೀರಿಕೊಂಡ, ಹೆಂಡತಿ ಕ್ಯಾರೊಲೀನ್ ಅದನ್ನ ನಡೆಸಿಕೊಂಡು ಬಂದಳು. ಮಕ್ಕಳ ಕಾಲಕ್ಕೆ, 1891ರಲ್ಲಿ, ಲೈಪ್‌ಜಿಗ್ ಜಾತ್ರೆಯಲ್ಲಿ ಅವರು ಕೀ ಕೊಟ್ಟರೆ ಓಡೋ ರೈಲನ್ನ ಇಟ್ಟರು. ರೈಲು ಅಲ್ಲಿ ಹೊಸದಲ್ಲ, ಆಟದ ರೈಲು ಎಷ್ಟೋ ಜನ ಮಾಡ್ತಿದ್ದರು. ಮಾರ್ಕ್ಲಿನ್‌ನವರು ಜೊತೆಗೆ ಹಳಿ ಇಟ್ಟರು. ಇಂತಿಷ್ಟೇ ಅಗಲ ಅಂತ ಅಳತೆ ಗೊತ್ತು ಮಾಡಿದ ಹಳಿ, ಎಂಟರ ಆಕಾರಕ್ಕೆ ಜೋಡಿಸಬಹುದಾದ ಹಳಿ, ಮುಂದಿನ ವರ್ಷ ಇನ್ನಷ್ಟು ತಂದು ಸೇರಿಸಬಹುದಾದ ಹಳಿ.

ಇದನ್ನ ಓದಿದಾಗ ರಾತ್ರಿ ಹನ್ನೊಂದಾಗಿತ್ತು. ಎದ್ದು ಹೋಗಿ ನೀರು ಕುಡಿದು ಬಂದೆ. ನೂರ ಮೂವತ್ತು ವರ್ಷದ ಹಿಂದೆ ಯಾರೋ ತಗಡು ಬಡಿಯೋ ಮನೆಯವರು, ಇವತ್ತು ನಮ್ಮ ಕಂಪನಿಗಳು ಮಾಡೋದನ್ನೆಲ್ಲಾ ಮಾಡಿ ಮುಗಿಸಿದ್ದರು. ಇಂಜಿನ್ನು ಕೊಂಡವನು ಡಬ್ಬಿಗೆ ಬರ್ತಾನೆ, ಡಬ್ಬಿಗೆ ಬಂದವನು ಹಳಿಗೆ, ಹಳಿಗೆ ಬಂದವನು ಸ್ಟೇಷನ್ನಿಗೆ, ಸಿಗ್ನಲ್ಲಿಗೆ, ಅಂಗೈ ಅಗಲದ ಮರಗಳಿಗೆ. ಅಳತೆ ಒಂದೇ ಆದ್ದರಿಂದ ಅಪ್ಪ ಕೊಂಡ ಹಳಿ ಮೇಲೆ ಮಗ ಕೊಂಡ ಇಂಜಿನ್ನು ಓಡುತ್ತೆ. ಮಾಡಲ್ ರೈಲಿನ ಅಂಗಡಿ ಅನ್ನೋ ವ್ಯಾಪಾರವೇ ಹುಟ್ಟಿದ್ದು ಹಳಿಯಿಂದ. ಇಂಗ್ಲೆಂಡಿನಲ್ಲಿ ಮೆಕ್ಯಾನೊ ಮಾಡಿದ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ಲಿವರ್‌ಪೂಲಿನಿಂದ ರೈಲು ಬಿಟ್ಟಾಗಲೂ ಇದೇ ದಾರಿ. ಸ್ವೀಡನ್ನಿನ ಬ್ರಿಯೊ ಕಂಪನಿಯವರು 1958ರಲ್ಲಿ ಮರದ್ದೇ ರೈಲು ತಂದರು, ಮರದ್ದೇ ಹಳಿಯ ಜೊತೆ. ಗಾಡಿ ಕೊರೆದ ಹಲಗೆ ಅಷ್ಟೇ, ಮೋಟರಿಲ್ಲ, ಏನಿಲ್ಲ. ಆದರೆ ಆ ಹಲಗೆಯ ಅಳತೆಯನ್ನ ಇವತ್ತು ಬೇರೆ ಕಂಪನಿಗಳೂ ಅನುಸರಿಸ್ತವೆ, ಐಕಿಯಾದ ಮರದ ರೈಲೂ ಅದರ ಮೇಲೆ ಓಡುತ್ತೆ.

ಚನ್ನಪಟ್ಟಣದ ರೈಲನ್ನ ಇದರ ಪಕ್ಕ ಇಟ್ಟು ನೋಡಿ. ಮರ ಅವರದಕ್ಕಿಂತ ಚೆನ್ನ, ಬಣ್ಣ ಅವರದಕ್ಕಿಂತ ಚೆನ್ನ. ಆದರೆ ಇಂಜಿನ್ನು, ಮೂರು ಡಬ್ಬಿ, ದಾರ, ಅಲ್ಲಿಗೆ ಮುಗಿಯಿತು. ಒಂದು ಮನೆಗೆ ಒಂದು ರೈಲು. ಮುರಿಯೋದೂ ಇಲ್ಲ! ನನ್ನದು ಇವತ್ತಿಗೂ ಊರಿನ ಅಟ್ಟದಲ್ಲಿದೆ, ಒಂದು ಚಕ್ರ ಹೋಗಿದೆ ಅಷ್ಟೇ. ಮಾವ ನನಗೆ ಅದನ್ನ ತಂದುಕೊಟ್ಟ ಮೇಲೆ ನಮ್ಮ ಮನೆಗೆ ಎರಡನೇ ರೈಲು ಮಾರೋ ದಾರಿಯೇ ಇರಲಿಲ್ಲ.

ಹಾಗಂತ ಹಳಿ ಇದ್ದರೆ ಸಾಕು ಅಂತ ತಿಳಿದುಕೊಳ್ಳಬೇಡಿ. ಮಾರ್ಕ್ಲಿನ್ ಕಂಪನಿ 150ನೇ ವರ್ಷದಲ್ಲೇ, 2009ರ ಫೆಬ್ರವರಿಯಲ್ಲಿ, ದಿವಾಳಿ ಅರ್ಜಿ ಹಾಕಿತು. ಹಳಿ ಜೋಡಿಸ್ತಿದ್ದ ಹುಡುಗರಿಗೆ ವಯಸ್ಸಾಗಿತ್ತು, ಅವರ ಮೊಮ್ಮಕ್ಕಳ ಕೈಗೆ ಬೇರೆ ಆಟ ಬಂದಿತ್ತು. 2013ರಲ್ಲಿ ಜರ್ಮನಿಯದೇ ಸಿಂಬಾ ಡಿಕಿ ಆಟಿಕೆ ಕಂಪನಿಯ ಮನೆತನ ಅದನ್ನ ಕೊಂಡುಕೊಂಡ ಮೇಲೆ ಮಕ್ಕಳಿಗೆ ಅಂತ ಅಗ್ಗದ, ಬ್ಯಾಟರಿಯ ರೈಲುಗಳತ್ತ ಮತ್ತೆ ಗಮನ ಕೊಟ್ಟರು. ಹಾರ್ನ್‌ಬಿಯವರು ತಯಾರಿಕೆಯನ್ನ ಚೀನಾಕ್ಕೆ ಕಳಿಸಿ, ಆಮೇಲೆ ಅಲ್ಲಿಯ ಕಾರ್ಖಾನೆ ಬೇರೆಯವರ ಕೈಗೆ ಹೋದಾಗ ಮಾಲು ಸಿಗದೆ ಒದ್ದಾಡಿದರು. ಅಂಗಡಿ ತೆಗೆದು ಕೂತವನ ಹತ್ತಿರ ಗಿರಾಕಿ ಇದ್ದಾನೆ, ಸಾಮಾನು ಇಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸದವರು ಕಡಿಮೆ. ಪುಣೆಯ ಕೋಥ್ರೂಡಿನಲ್ಲಿ ಭಾವು ಜೋಶಿ ಅನ್ನೋರು ಜೀವನವಿಡೀ ಕೂಡಿಸಿ ಕಟ್ಟಿದ ಪುಟ್ಟ ರೈಲುಗಳ ಊರೊಂದಿದೆ. 1998ರ ಏಪ್ರಿಲ್ 1ರಂದು ಅದನ್ನ ಮ್ಯೂಸಿಯಂ ಅಂತ ತೆರೆದರು. ಮಾರೋದಕ್ಕಿಂತ ತೋರಿಸೋಕೆ ಅಲ್ಲಿ ಟಿಕೆಟ್ಟು. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು, ನಿಜವಾದ ಇಂಜಿನ್ನುಗಳದು. ನಾವು ಶಾಲೆಯಿಂದ ಪ್ರವಾಸ ಹೋದಾಗ ಮಹಾರಾಣಿಯವರ ಸಲೂನ್ ಬೋಗಿಯ ಮುಂದೆ ಮೇಷ್ಟ್ರು ಅರ್ಧ ಗಂಟೆ ಪಾಠ ಮಾಡಿದರು. ನಮ್ಮೆಲ್ಲರ ಕಣ್ಣು ಅಲ್ಲಿ ಸುತ್ತೋ ಪುಟಾಣಿ ರೈಲಿನ ಮೇಲೆ. ಹಳಿ ಇಲ್ಲದ ತಾಲ್ಲೂಕಿನ ಅರವತ್ತು ಮಕ್ಕಳು ಮೊದಲ ಸಲ ಹತ್ತಿದ ರೈಲು ಅದೇ.

ಇಷ್ಟು ಆದ ಮೇಲೆ ಚನ್ನಪಟ್ಟಣಕ್ಕೆ ಒಂದು ಸಲ ಹೋಗಿ ಬರೋಣ ಅನ್ನಿಸಿತು. ನಾಚಿಕೆ ಏನಂದ್ರೆ, ಬೆಂಗಳೂರಿಂದ ಊರಿಗೆ ತಿಂಗಳಿಗೆರಡು ಸಲ ಹೋಗೋ ನಾನು ಆ ಊರೊಳಗೆ ಕಾಲಿಟ್ಟು ಒಂದೂವರೆ ವರ್ಷ ಆಗಿತ್ತು. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತೆ. 118 ಕಿಲೋಮೀಟರ್. ನನಗೆ ಒಂದು ಗಂಟೆಗೂ ಹೆಚ್ಚು ಉಳೀತು ಅಂತ ಖುಷಿ ಪಟ್ಟವರಲ್ಲಿ ನಾನೂ ಒಬ್ಬ, ನೀವೂ ಇರ್ತೀರಿ.

ಹಳೇ ರಸ್ತೆಗೆ ಇಳಿದೆ. ನೆನಪಿದೆಯಾ, ರಸ್ತೆಯ ಎರಡೂ ಬದಿ ಬಣ್ಣದ ಅಂಗಡಿಗಳ ಸಾಲು? ಮರದ ಕುದುರೆ ಅಂಗಡಿ ಮುಂದೆ ತೂಗ್ತಾ ನಿಂತಿರ್ತಿತ್ತು. ಕುದುರೆ ಅಲ್ಲೇ ಇತ್ತು. ಕೆಲವು ಅಂಗಡಿಗಳ ಬಾಗಿಲು ಎಳೆದಿತ್ತು. ತೆರೆದಿದ್ದ ಒಂದರಲ್ಲಿ ಕೂತಿದ್ದವರು ಕಾರಿಂದ ನಾನು ಇಳಿಯೋದನ್ನ ನೋಡಿ ಎದ್ದು ನಿಂತ ರೀತಿಯಲ್ಲೇ ಗೊತ್ತಾಯ್ತು, ಅವತ್ತಿನ ಬೋಣಿ ಇನ್ನೂ ಆಗಿಲ್ಲ ಅಂತ. "ಮೊದ್ಲು ಕಾಫಿಗೆ ಅಂತ ನಿಲ್ಸೋರು ಸಾರ್, ಮಕ್ಕಳು ಹಠ ಮಾಡೋವು, ತಗೊಳೋರು. ಗೊಂಬೆ ತಗೊಳಕೆ ಅಂತ್ಲೇ ಮನೆ ಬಿಟ್ಟು ಬಂದೋರು ಯಾರಿದ್ರು?" ಅಂದರು. ಮದ್ದೂರಿನಲ್ಲಿ ವಡೆಯವರೂ ಇದೇ ಮಾತು ಹೇಳ್ತಾರೆ.

ಆ ಅಂಗಡಿ ಸಾಲು ಬದುಕಿದ್ದು ರಸ್ತೆಯಿಂದ. 1881ರಲ್ಲಿ ಬೆಂಗಳೂರಿಂದ ಹೊರಟ ರೈಲು ಹಳಿ ಮುಟ್ಟಿದ್ದೂ ಇದೇ ಊರನ್ನ, ಮಾರನೇ ವರ್ಷ ಅದು ಮೈಸೂರಿಗೆ ಹೋಯ್ತು. ರಾಜಧಾನಿ ಎರಡರ ನಡುವೆ ಹೋಗಿಬರೋರೆಲ್ಲಾ ಊರ ಮುಂದೆಯೇ ಹಾಯಬೇಕಿತ್ತು. ದಾರಿಹೋಕರ ಮಕ್ಕಳ ಹಠ ಆ ಅಂಗಡಿಗಳ ಬಂಡವಾಳ. ಮಗುವಿಗೆ ಅಂಗಡಿ ಕಾಣದ ಮೇಲೆ ಹಠ ಎಲ್ಲಿಂದ ಬರಬೇಕು? ಕಲಾನಗರದ ಕಡೆ ಆನ್‌ಲೈನಿಗೆ, ಹೊರದೇಶಕ್ಕೆ ಮಾಲು ಕಳಿಸೋ ಕಾರ್ಖಾನೆಗಳಲ್ಲಿ ಲೇತು ತಿರುಗ್ತಾನೇ ಇದೆ. ಅವರಿಗೆ ಬೈಪಾಸಿನಿಂದ ನಷ್ಟ ಇಲ್ಲ. ಒಂದೇ ಊರು, ಒಂದೇ ರೈಲು. ಮತ್ತೆ ಮತ್ತೆ ತರಿಸಿಕೊಳ್ಳೋ ಗಿರಾಕಿಯನ್ನ ಹಿಡಿದವನು ನಡೀತಿದ್ದಾನೆ, ಹಾದು ಹೋಗೋ ಗಿರಾಕಿಯನ್ನ ನೆಚ್ಚಿದವನು ಬಾಗಿಲು ನೋಡ್ತಾ ಕೂತಿದ್ದಾನೆ.

ಅಲ್ಲಿ ನಿಂತಾಗಲೇ ನನಗೆ ಹೊಟ್ಟೆಯೊಳಗೆ ಏನೋ ಆಯ್ತು. ಆ ಹೆದ್ದಾರಿಯ ನಂಬರು 275. ಅದೇ ರಸ್ತೆ ಮೈಸೂರು ದಾಟಿ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ಅಂತ ಮಡಿಕೇರಿ ಕಡೆ ಹೋಗೋದು. ಮಾವನ ಅಂಗಡಿ ಇರೋದೂ ಅದೇ ರಸ್ತೆಯ ಮೇಲೆ. ಮಾರ್ಚ್ 12ರಂದು ಮಂಡ್ಯದ ಅದೇ ವೇದಿಕೆಯಿಂದ ಮೈಸೂರು–ಕುಶಾಲನಗರ ನಾಲ್ಕು ಪಥದ ಹೆದ್ದಾರಿಗೂ ಶಂಕುಸ್ಥಾಪನೆ ಆಗಿತ್ತು, 92 ಕಿಲೋಮೀಟರ್. ಮಾವ ಕಾಯ್ತಿರೋದು ರೈಲಿಗೆ. ಮೊದಲು ಬರೋದು ರಸ್ತೆ.

ಆ ರೈಲಿನದೂ ಹೇಳಿಬಿಡ್ತೀನಿ. ಬೆಳಗೊಳದಿಂದ ಕುಶಾಲನಗರಕ್ಕೆ ಅಂತ ಯೋಜನೆ, ಸುಮಾರು 87 ಕಿಲೋಮೀಟರ್. ಕಾಗದದಲ್ಲಿ ಇದೆ. ಮಾಡಲ್ ರೈಲಿನವರಲ್ಲಿ ಬಹಳ ಚಾಲ್ತಿಯಲ್ಲಿರೋ ಎಚ್‌ಒ ಅನ್ನೋ ಅಳತೆಯಲ್ಲಿ ಎಲ್ಲವನ್ನೂ 87ನೇ ಒಂದು ಪಾಲಿಗೆ ಕುಗ್ಗಿಸ್ತಾರೆ. ಅಂದರೆ ನಮ್ಮ ಇಡೀ ಮಾರ್ಗವನ್ನ ಆಟದ ಹಳಿಯಲ್ಲಿ ಹಾಸಿದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಕಿಲೋಮೀಟರ್. ಮಾವನ ಅಂಗಡಿಯಿಂದ ಹೊರಟರೆ ಹುಣಸೂರು ಪೇಟೆ ದಾಟೋದರೊಳಗೆ ಕುಶಾಲನಗರ ಬಂದುಬಿಡುತ್ತೆ. ಈ ಲೆಕ್ಕ ಹೊಳೆದಾಗ ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಹೆಂಡತಿಯನ್ನ ಎಬ್ಬಿಸಿ ಹೇಳಿ ಬೈಸಿಕೊಂಡೆ.

ಹುಣಸೂರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೀಲಿಲ್ಲ. ಮಾವನ ಲೆಕ್ಕದ ಪುಸ್ತಕ ಕೇಳಿದೆ. ಅದು ನನ್ನ ಡಾಕ್ಯುಮೆಂಟಿಗಿಂತ ಚೆನ್ನಾಗಿತ್ತು. ಸೆಪ್ಟೆಂಬರಿನಿಂದ ಹೊಗೆಸೊಪ್ಪಿನ ಹರಾಜು ಶುರುವಾಗುತ್ತೆ. ಕಟ್ಟೆಮಳಲವಾಡಿ, ಕಂಪಲಾಪುರ, ರಾವಂದೂರು ಅಂತ ಹರಾಜು ಮಾರುಕಟ್ಟೆಗಳಿಗೆ ಬೇಲು ಹೋದ ವಾರ ಅಂಗಡಿಯಲ್ಲಿ ದೊಡ್ಡ ಆಟಿಕೆ ಹೋಗಿದೆ, ಬೇಲಿಗೆ ರೇಟು ಬೀಳದ ವಾರ ಬಲೂನು ಮಾತ್ರ. ಇದು ನಾನು ಊಹಿಸಿದ್ದೇ. ಊಹಿಸದೇ ಇದ್ದದ್ದು ಪುಸ್ತಕದ ಹಿಂದಿನ ಹಾಳೆಗಳಲ್ಲಿತ್ತು. "ಚಕ್ರ 10. ಬ್ಯಾಟರಿ 20. ಬಸ್ಸಿನ ಟೈರು 5. ರಿಮೋಟ್ ರಿಪೇರಿ 40." ಪ್ರತಿ ದಿನ ಐದಾರು ಸಾಲು. ಮೂವತ್ತು ವರ್ಷದಿಂದ ಯಾವ ಮಗು ಯಾವ ಮುರಿದ ಆಟಿಕೆ ತಂದರೂ ಮಾವ ಇಲ್ಲ ಅಂದಿಲ್ಲ. ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಹಳೇ ಚಕ್ರ ಇಟ್ಟುಕೊಂಡಿದ್ದಾರೆ. ಚಕ್ರ ಹಾಕಿಸಿಕೊಳ್ಳೋಕೆ ಬಂದ ತಾಯಿ ಹೇರ್‌ಪಿನ್ನು ತಗೊಂಡು ಹೋಗ್ತಾಳೆ, ಹುಡುಗ ಇನ್ನೊಂದು ಏನೋ ನೋಡಿಟ್ಟುಕೊಂಡು ಹೋಗ್ತಾನೆ, ಬೇಲು ಹೋದ ವಾರ ಅದು ಅವನ ಕೈಗೆ ಬರುತ್ತೆ.

"ಮಾವ, ಅಂಗಡಿ ನಿಂತಿರೋದು ಈ ಬಾಟ್ಲಿ ಮೇಲೆ" ಅಂದೆ.

"ಅದ್ರಲ್ಲೇನ್ ಉಟ್ತದಪ್ಪ, ಅತ್ತ್ರುಪಾಯಿ" ಅಂದರು.

ಜರ್ಮನಿ ಸೆಟ್ಟು ಬೇಡ ಅಂತ ಒಪ್ಪಿಸೋಕೆ ಕಷ್ಟ ಆಗಲಿಲ್ಲ, ಒಂದು ಇಂಜಿನ್ನಿನ ಬೆಲೆ ಹೇಳಿದೆ. ಹಳಿಯ ವಿಷಯ ಹೇಳಿದಾಗ ಮಾತ್ರ ಅವರು ಸುಮ್ಮನೆ ಕೂತರು. ಹುಣಸೂರು ಮರಕ್ಕೆ ಹೆಸರಾದ ಊರು, ಸರ್ಕಾರದ ಟಿಂಬರ್ ಡಿಪೋ ಅಲ್ಲೇ ಇದೆ, ಬಡಗಿಗಳಿಗೆ ಬರವಿಲ್ಲ. ಗುರುತಿನ ಬಡಗಿಯೊಬ್ಬರ ಹತ್ತಿರ ಹೋಗಿ ಗೇಣುದ್ದದ ಹಲಗೆಗೆ ಎರಡು ಗಾಡಿ ಕೊರೆಸಿದೆವು. ಅಂಗಡಿಯಲ್ಲಿದ್ದ ಚನ್ನಪಟ್ಟಣದ ರೈಲು ತಂದು ಇಟ್ಟರೆ ಒಂದು ಕೂತಿತು, ಇನ್ನೊಂದು ಕೂರಲಿಲ್ಲ. ಐದು ರೈಲು ಅಳೆದೆ, ಐದಕ್ಕೂ ಚಕ್ರದ ನಡುವಿನ ಅಗಲ ಬೇರೆ ಬೇರೆ. ಕೈಯಲ್ಲಿ ಮಾಡಿದ್ದು, ದಾರ ಕಟ್ಟಿ ನೆಲದ ಮೇಲೆ ಎಳೆಯೋಕೆ ಮಾಡಿದ್ದು, ಅದು ಯಾಕೆ ಒಂದೇ ಇರಬೇಕು? 1891ರಲ್ಲಿ ಲೈಪ್‌ಜಿಗ್ ಜಾತ್ರೆಗೆ ಅವರು ಏನು ತಗೊಂಡು ಹೋಗಿದ್ದರು ಅನ್ನೋದು ನನಗೆ ಸರಿಯಾಗಿ ಅರ್ಥ ಆಗಿದ್ದು ಆ ಬಡಗಿಯ ಮನೆ ಜಗಲಿ ಮೇಲೆ, ವರ್ನಿಯರ್ ಹಿಡಿದುಕೊಂಡು ಕೂತಾಗ.

ಚನ್ನಪಟ್ಟಣಕ್ಕೆ ಫೋನ್ ಮಾಡಿದೆ. ಅಗಲ ಒಂದೇ ಇರಬೇಕು ಅಂದ್ರೆ ಮಾಡಿಕೊಡ್ತೀವಿ, ಆದರೆ ನೂರು ಪೀಸು ತಗೊಬೇಕು ಅಂದರು. ಡಬ್ಬಿ ಬಿಡಿಬಿಡಿಯಾಗಿ ಮಾರೋ ಹಾಗೆ ಕೊಂಡಿ ಹಾಕಿ ಕೊಡ್ತೀರಾ ಅಂದೆ. ಯೋಚನೆ ಮಾಡಿ ಹೇಳ್ತೀವಿ ಅಂದವರು ಸಂಜೆಗೆ ಆಗುತ್ತೆ ಅಂದರು. ಮಾವ ಕೇಳಿದ ಎರಡು ಲಕ್ಷ ಬೇಕಾಗಲಿಲ್ಲ, ಅದರ ಕಾಲುಭಾಗದೊಳಗೆ ಆಯ್ತು. ಅದೂ ಸಾಲ ಅಂತಲೇ ಪುಸ್ತಕದಲ್ಲಿ ಬರೆದುಕೊಂಡರು, ನನ್ನ ಹೆಸರಿನ ಮುಂದೆ ಶ್ರೀ ಸೇರಿಸಿ.

ನೇರ ಹಳಿ ಚೆನ್ನಾಗಿ ಬಂದಿವೆ. ತಿರುವು ಇನ್ನೂ ಬಂದಿಲ್ಲ. ಬಡಗಿ ನಾಲ್ಕು ಸಲ ಕೊರೆದರೂ ಇಂಜಿನ್ನು ತಿರುವಿನಲ್ಲಿ ಸಿಕ್ಕಿಕೊಳ್ಳುತ್ತೆ, ಗಾಡಿಯನ್ನ ಎಷ್ಟು ಅಗಲ ಮಾಡಬೇಕು ಅಂತ ನಾನು ಬೆಂಗಳೂರಲ್ಲಿ ಕೂತು ಚಿತ್ರ ಬರೀತಿದ್ದೀನಿ. ಈ ಸಲದ ಚುಂಚನಕಟ್ಟೆ ಪರಿಸೆಗೆ ನೇರ ಹಳಿಯನ್ನೇ ತಗೊಂಡು ಹೋಗಿ ಟಾರ್ಪಾಲಿನ ಮೇಲೆ ಉದ್ದಕ್ಕೆ ಹಾಸಿದ್ದರು. ಮಕ್ಕಳು ಒಂದು ತುದಿಯಿಂದ ಇನ್ನೊಂದು ತುದಿಗೆ ತಳ್ಳಿಕೊಂಡು ಹೋಗಿ, ಎತ್ತಿ ತಿರುಗಿಸಿಕೊಂಡು ವಾಪಸ್ ಬರ್ತಿದ್ದವಂತೆ.

ಮೊನ್ನೆ ಭಾನುವಾರ ಮಾವ ಮತ್ತೆ ಫೋನ್ ಮಾಡಿದರು. ಹನ್ನೊಂದು ಜನ ತಿರುವು ಬಂದರೆ ಹೇಳಿ ಅಂತ ನಂಬರ್ ಬರೆಸಿ ಹೋಗಿದ್ದಾರಂತೆ. ಅದನ್ನ ಹೇಳಿ ಮುಗಿಸಿ, ಸ್ವಲ್ಪ ತಡೆದು ಕೇಳಿದರು: "ಅಳಿಯ, ಆ ಒಸ ರೋಡು ಊರೊಳಕ್ ಬರಲ್ವಂತಲ್ಲ. ಯಾವ್ ಕಡಿಂದ ಓಯ್ತದೆ ಅಂತ ಮ್ಯಾಪಲ್ ನೋಡಿ ಏಳು."